ವರ್ತಕನ ಮಾತು, ವರ್ತಕನ ಮೌನ



ವ್ಯಾಪಾರಸ್ಥರು ಸರಕಾರದ ಎದುರಿಗೆ ನಿಂತು ಮಾತನಾಡುವುದು ಹೊಸ ಸಂಗತಿಯೇನಲ್ಲ. ಮುಂಗಡಪತ್ರದ ದಿನಗಳು ಸಮೀಪಿಸಿದವೆಂದರೆ ಪ್ರತಿಯೊಂದು ಊರಿನ ವರ್ತಕರ ಸಂಘವೂ ಒಂದು ಮನವಿ ಪತ್ರವನ್ನು ಸಿದ್ಧಪಡಿಸುತ್ತದೆ. ಮಂತ್ರಿಗಳು ಊರಿಗೆ ಬಂದಾಗ ಪ್ರವಾಸಿ ಮಂದಿರದ ಪಡಸಾಲೆಯಲ್ಲಿ ಹಾರತುರಾಯಿಗಳೊಡನೆ ಅದನ್ನು ಅರ್ಪಿಸಲಾಗುತ್ತದೆ. ತೆರಿಗೆ ಇಳಿಯಬೇಕು, ಸಾಲ ಸಿಗಬೇಕು, ವಿದ್ಯುತ್ತು ಕಡಿಯಬಾರದು ಎಂಬುದೇ ಆ ಪತ್ರಗಳ ಸಾರ. ಹೀಗೆ ಕೇಳುವುದು ತಪ್ಪೆಂದು ನಾನು ಹೇಳಲಾರೆ. ನಾನೂ ಅಂತಹ ಎಷ್ಟೋ ಪತ್ರಗಳಿಗೆ ಸಹಿ ಮಾಡಿದವನು. ಆದರೆ ಕೇಳುವುದು ಬೇರೆ, ಹೇಳುವುದು ಬೇರೆ. ತನಗೆ ಬೇಕಾದುದನ್ನು ಕೇಳುವುದು ಯಾಚನೆ. ತನ್ನ ಉದ್ಯಮದ ಒಳಹೊರಗನ್ನು ಬಲ್ಲವನು, ತಾನು ಬಲ್ಲ ಸತ್ಯವನ್ನು, ಅದರಿಂದ ತನಗೇ ನಷ್ಟವಾದರೂ ಚಿಂತೆಯಿಲ್ಲವೆಂದು ನಾಡಿನ ಮುಂದೆ ಇಡುವುದು ಕರ್ತವ್ಯ. ಈ ಎರಡನೆಯದನ್ನು ಮಾಡಲೇಬೇಕಾಗಿದ್ದ ಒಂದು ಹೊತ್ತಿನಲ್ಲಿ ನಾನು ಮಾಡದೆ ಕುಳಿತೆ. ಆ ಸಂಗತಿಯನ್ನು ತಮ್ಮ ಮುಂದೆ ನಿವೇದಿಸಿಕೊಳ್ಳುವುದಕ್ಕಾಗಿಯೇ ಈ ನಾಲ್ಕು ಮಾತು.

ನನ್ನದು ರಾಣೆಬೆನ್ನೂರು ಸೀಮೆಯ ಒಂದು ಹಳ್ಳಿ. ತಂದೆಯವರಿಗೆ ನಾಲ್ಕು ಎಕರೆ ಎರೆ ಹೊಲ, ಮಕ್ಕಳು ಆರು ಜನ. ನನ್ನನ್ನು ಓದಿಸುವ ಶಕ್ತಿ ಅವರಿಗಿರಲಿಲ್ಲ. ಮಠದ ಉಚಿತ ಪ್ರಸಾದ ನಿಲಯವೊಂದರಲ್ಲಿ ಏಳು ವರ್ಷ ಉಂಡು, ಮಲಗಿ, ಓದಿ ಮನುಷ್ಯನಾದೆ. ಸುಗ್ಗಿಯಲ್ಲಿ ಪೂಜ್ಯ ಅಪ್ಪಗಳವರು ಚಕ್ಕಡಿ ಹೂಡಿಸಿಕೊಂಡು ಹಳ್ಳಿಯಿಂದ ಹಳ್ಳಿಗೆ ತಿರುಗಿ ಜೋಳವನ್ನು ಭಿಕ್ಷೆ ತರುತ್ತಿದ್ದರು. ಪೇಟೆಯ ವರ್ತಕರು ಬೇಳೆ ಬೆಲ್ಲದ ಚೀಲಗಳನ್ನು ಹೆಸರು ಹೇಳದೆ ಮಠದ ಕಟ್ಟೆಯ ಮೇಲೆ ಇಳಿಸಿ ಹೋಗುತ್ತಿದ್ದರು. ಯಾರದೋ ಹೊಲದ ಕಾಳು, ಯಾರದೋ ಅಂಗಡಿಯ ಬೇಳೆ ನನಗೆ ಅಕ್ಷರವಾಯಿತು. ಈ ಮಾತನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವುಂಟು, ಅದು ಮುಂದೆ ತಮಗೆ ತಿಳಿಯುವುದು.

ಓದು ಮುಗಿಸಿ ನಾನು ಹತ್ತಿಯ ಬೀಜದ ವ್ಯಾಪಾರಕ್ಕೆ ಇಳಿದೆ. 1970ರಲ್ಲಿ ಗುಜರಾತಿನಿಂದ ಎಚ್-4 ಎಂಬ ಹೈಬ್ರಿಡ್ ಹತ್ತಿ ಬಂದಿತು. 1972ರಲ್ಲಿ ನಮ್ಮ ಧಾರವಾಡದ ಕೃಷಿ ವಿಜ್ಞಾನಿಗಳು 'ವರಲಕ್ಷ್ಮಿ' ಎಂಬ ತಳಿಯನ್ನು ಕೊಟ್ಟರು. ಉದ್ದ ಎಳೆಯ ಆ ಹತ್ತಿಯನ್ನು ಬೆಳೆದ ರೈತರ ಮನೆಗಳಿಗೆ ಆ ಹೆಸರಿನ ಲಕ್ಷ್ಮಿಯೇ ಬಂದಂತಾಯಿತು. ಆದರೆ ಹೈಬ್ರಿಡ್ ಬೀಜವನ್ನು ರೈತನು ತನ್ನ ಬೆಳೆಯಿಂದಲೇ ತೆಗೆದಿಟ್ಟುಕೊಳ್ಳಲು ಬರುವುದಿಲ್ಲ, ಪ್ರತಿವರ್ಷ ಹೊಸದಾಗಿ ಕೊಳ್ಳಬೇಕು. ಆದ್ದರಿಂದ ಬೀಜವನ್ನು ಬೆಳೆಸುವುದೇ ಒಂದು ಉದ್ಯಮವಾಯಿತು. ನಮ್ಮ ಸೀಮೆಯ ನೆಲವೂ ಹವೆಯೂ ಅದಕ್ಕೆ ಒಗ್ಗಿದವು. ಬೀಜದ ಕಂಪನಿ ರೈತನಿಗೆ ಮೂಲ ಬೀಜವನ್ನೂ ಮುಂಗಡವನ್ನೂ ಕೊಟ್ಟು, ಬೆಳೆದ ಬೀಜವನ್ನು ಮೊದಲೇ ಗೊತ್ತು ಮಾಡಿದ ದರಕ್ಕೆ ಕೊಂಡುಕೊಳ್ಳುವುದು. ಇಬ್ಬರ ನಡುವೆ ನಿಂತು ರೈತರನ್ನು ಕೂಡಿಸುವವನು, ಮುಂಗಡ ಹಂಚುವವನು, ಬೀಜ ಒಟ್ಟುಗೂಡಿಸಿ ಕಳಿಸುವವನು ಒಬ್ಬನಿರುತ್ತಾನೆ. ಅವನನ್ನು ನಮ್ಮ ಕಡೆ 'ಆರ್ಗನೈಸರ್' ಎಂದೇ ಕರೆಯುತ್ತಾರೆ. ನಾನು ಅಂಥವನಾದೆ. ದೇವರ ದಯೆಯಿಂದ ಕೈತುಂಬ ಗಳಿಸಿದೆ.

ಈ ಬೀಜ ಹುಟ್ಟುವ ಬಗೆಯನ್ನು ಸ್ವಲ್ಪ ವಿವರಿಸಬೇಕು. ಹತ್ತಿಯ ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಅಂಗಗಳಿರುವುದರಿಂದ ಅದು ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುವುದು. ಎರಡು ತಳಿಗಳನ್ನು ಕೂಡಿಸಬೇಕಾದರೆ, ನಾಳೆ ಅರಳಲಿರುವ ಮೊಗ್ಗನ್ನು ಇಂದಿನ ಸಾಯಂಕಾಲವೇ ಗುರುತಿಸಿ, ಅದರ ಎಸಳನ್ನೂ ಪರಾಗದ ಭಾಗವನ್ನೂ ಹೆಬ್ಬೆರಳ ಉಗುರಿನಿಂದ ಸುಲಿದು ತೆಗೆಯಬೇಕು. ನಡುವಿನ ಎಳೆಯ ಅಂಗಕ್ಕೆ ಪೆಟ್ಟಾಗಕೂಡದು. ಮರುದಿನ ಮುಂಜಾನೆ ಇನ್ನೊಂದು ತಳಿಯ ಹೂವನ್ನು ತಂದು ಅದರ ಪರಾಗವನ್ನು ಇದಕ್ಕೆ ಸವರಬೇಕು. ಇದಕ್ಕೆ ನಮ್ಮವರು 'ಕ್ರಾಸಿಂಗ್' ಎನ್ನುತ್ತಾರೆ. ಒಂದು ಹೊಲದಲ್ಲಿ ದಿನಕ್ಕೆ ಸಾವಿರಾರು ಹೂಗಳು. ಪ್ರತಿಯೊಂದನ್ನೂ ಬೆರಳು ಮುಟ್ಟಬೇಕು. ಎರಡು ಮೂರು ತಿಂಗಳು ಒಂದು ದಿನವೂ ತಪ್ಪಿಸುವಂತಿಲ್ಲ. ಬೀಜದ ಖರ್ಚಿನಲ್ಲಿ ಅತಿ ದೊಡ್ಡ ಪಾಲು ಈ ಕೂಲಿಯದು.

ಆ ಬೆರಳುಗಳು ಯಾರವು? ಬಹುಪಾಲು ಹತ್ತು ಹನ್ನೆರಡು ವರ್ಷದ ಹೆಣ್ಣುಮಕ್ಕಳವು. ಎಳೆಯ ಬೆರಳಿಗೆ ಮೊಗ್ಗು ನೋಯುವುದಿಲ್ಲ, ಗಿಡದ ಎತ್ತರಕ್ಕೆ ಮಕ್ಕಳ ಎತ್ತರ ಸರಿಹೋಗುತ್ತದೆ ಎಂದು ನಾವು ಹೇಳುತ್ತಿದ್ದೆವು. ನಿಜವಾದ ಕಾರಣ ಬೇರೆ. ಹುಡುಗಿಗೆ ಕೊಡುವ ಕೂಲಿ ದೊಡ್ಡವರ ಕೂಲಿಗಿಂತ ಕಡಿಮೆ. ಅವಳು ಎದುರು ಮಾತನಾಡಳು. ಮುಂಗಾರಿಗೆ ಮೊದಲೇ ತಂದೆಯ ಕೈಗೆ ಮುಂಗಡ ಇಟ್ಟರೆ ಹಂಗಾಮು ಮುಗಿಯುವವರೆಗೆ ಅವಳು ಎಲ್ಲಿಗೂ ಹೋಗಳು. ಕೀಟನಾಶಕ ಹೊಡೆದ ಹೊಲದಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಅವರು ನಿಂತಿರುತ್ತಿದ್ದರು. ನಾನು ಮೋಟಾರ್ ಸೈಕಲ್ಲಿನಲ್ಲಿ ಹೋಗಿ ಬದುವಿನ ಮೇಲೆ ನಿಂತು ಎಷ್ಟು ಮೊಗ್ಗು ಬಿಟ್ಟುಹೋಗಿವೆಯೆಂದು ಎಣಿಸುತ್ತಿದ್ದೆ. ಮಕ್ಕಳನ್ನು ನಾನು ಎಣಿಸಲಿಲ್ಲ.

2003ರ ಸುಮಾರಿಗೆ ಬೀಜ ಬೆಳೆಸುವವರ ಹಾಗೂ ಆರ್ಗನೈಸರುಗಳ ಒಂದು ಸಭೆ ಸೇರಿತು. ಸರಕಾರದ ಅಧಿಕಾರಿಗಳೊಬ್ಬರು ನಮ್ಮ ಅಹವಾಲುಗಳನ್ನು ಕೇಳಲು ಬಂದಿದ್ದರು. ಬೆಳೆಸಾಲ ಸಕಾಲಕ್ಕೆ ಬರಬೇಕು, ಹಂಗಾಮಿನಲ್ಲಿ ಪಂಪ್‌ಸೆಟ್ಟಿಗೆ ವಿದ್ಯುತ್ತು ಕಡಿಯಬಾರದು ಎಂಬ ಗೊತ್ತುವಳಿ ಒಕ್ಕೊರಲಿನಿಂದ ಅಂಗೀಕಾರವಾಯಿತು. ಚಪ್ಪಾಳೆಯೂ ಆಯಿತು. ಆ ಬಳಿಕ ಆ ಅಧಿಕಾರಿಗಳು ಸಾವಕಾಶವಾಗಿ ಇನ್ನೊಂದು ಪ್ರಶ್ನೆ ಹಾಕಿದರು. ನಿಮ್ಮ ಹೊಲಗಳಲ್ಲಿ ಮಕ್ಕಳಿದ್ದಾರೆಂದು ದೂರುಗಳಿವೆ, ಇದನ್ನು ನಿಲ್ಲಿಸಬೇಕಾದರೆ ಸರಕಾರ ಏನು ಮಾಡಬೇಕು, ಈ ಕೆಲಸ ಬಲ್ಲವರು ನೀವೇ ಹೇಳಿರಿ ಎಂದರು. ಅವರ ಧ್ವನಿಯಲ್ಲಿ ಗದರಿಕೆ ಇರಲಿಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದರು.

ಸಭೆ ಸ್ತಬ್ಧವಾಯಿತು. ಯಾರೋ ಒಬ್ಬರು, ಅವರು ತಂದೆತಾಯಿಗಳ ಜೊತೆ ಬರುತ್ತಾರೆ, ನಾವೇನು ಕರೆಯುವುದಿಲ್ಲ ಎಂದರು. ಮತ್ತೊಬ್ಬರು, ಕೂಲಿ ತಪ್ಪಿದರೆ ಅವರ ಮನೆಯ ಒಲೆ ಉರಿಯುವುದಿಲ್ಲ ಎಂದರು. ಉತ್ತರ ನನಗೆ ಗೊತ್ತಿತ್ತು. ರೈತನನ್ನು ಹಿಡಿದು ದಂಡ ಹಾಕಿದರೆ ಇದು ನಿಲ್ಲುವುದಿಲ್ಲ. ಕಂಪನಿ ಗೊತ್ತು ಮಾಡುವ ಖರೀದಿ ದರದಲ್ಲಿ ದೊಡ್ಡವರ ಕೂಲಿ ಕೂಡಿಸುವಷ್ಟು ಎಡೆಯೇ ಇಲ್ಲ. ಆ ದರದಲ್ಲಿ ಬೀಜ ಬೆಳೆಯಬೇಕಾದರೆ ರೈತನಿಗೆ ಮಕ್ಕಳೇ ಬೇಕು. ದರವನ್ನು ಸರಿಪಡಿಸದೆ ಹೊಲವನ್ನು ತಪಾಸಣೆ ಮಾಡಿ ಫಲವಿಲ್ಲ. ಈ ಲೆಕ್ಕ ನನ್ನ ಕಿರ್ದಿ ಪುಸ್ತಕದಲ್ಲಿತ್ತು. ಅಧಿಕಾರಿಗಳ ಕಡತದಲ್ಲಿ ಅದು ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಆದರೆ ನಾನು ಬಾಯಿ ಬಿಡಲಿಲ್ಲ. ದರದ ಮಾತೆತ್ತಿದರೆ ಕಂಪನಿಯವರು ಮುನಿಯುವರು, ಮಕ್ಕಳಿದ್ದಾರೆಂದು ಒಪ್ಪಿದರೆ ನೆರೆಹೊರೆಯ ಆರ್ಗನೈಸರುಗಳು ಮುನಿಯುವರು. ಚಹಾ ಬಂದಿತು, ಕುಡಿದು ಎದ್ದು ಬಂದೆವು.

ಅದೇ ವರ್ಷ ದೀಪಾವಳಿಯ ಮುಂದೆ ನಮ್ಮೂರ ಶಾಲೆಯ ಮಾಸ್ತರರು ಒಂದು ಸಂಜೆ ನಮ್ಮ ಮನೆಗೆ ಬಂದರು. ಚಾಪೆಯ ಮೇಲೆ ಕುಳಿತು, ಕೈಚೀಲದಿಂದ ಹಾಜರಿ ಪುಸ್ತಕವನ್ನು ತೆಗೆದು, "ಸಾವಕಾರ್ರ, ಇದನ್ನೊಂದು ನೋಡ್ರಿ" ಎಂದು ನನ್ನ ಮುಂದಿಟ್ಟರು. ಐದನೆಯ ಇಯತ್ತೆಯ ಹುಡುಗಿಯರ ಹೆಸರುಗಳು. ಜೂನ್ ಜುಲೈಯಲ್ಲಿ ಹಾಜರಿಯ ಗೆರೆಗಳು ಒತ್ತಾಗಿದ್ದವು. ಆಗಸ್ಟಿನ ನಡುವಿನಿಂದ ಮುಂದೆ ಪುಟದ ಮೇಲಿಂದ ಕೆಳಗಿನವರೆಗೆ ಗೈರುಹಾಜರಿಯ ಗುರುತುಗಳೇ ತುಂಬಿದ್ದವು. "ನಿಮ್ಮ ಕ್ರಾಸಿಂಗ್ ಯಾವಾಗ ಸುರುವಾತು, ಯಾವಾಗ ಮುಗೀತು ಅಂತ ನಾನು ಹೊಲಕ್ಕೆ ಹೋಗಿ ನೋಡೂದು ಬ್ಯಾಡ್ರಿ. ಇದರಾಗ ಕಾಣತೈತಿ" ಎಂದರು. ಬೈಯಲಿಲ್ಲ. ಮನೆಯವರು ಕೊಟ್ಟ ಮಜ್ಜಿಗೆ ಕುಡಿದು, ಪುಸ್ತಕವನ್ನು ಚೀಲಕ್ಕಿಟ್ಟುಕೊಂಡು ಹೋದರು.

ಮಹಾಶಯರೇ, ಅಂದು ರಾತ್ರಿ ನನಗೆ ಪ್ರಸಾದ ನಿಲಯದ ಪಂಕ್ತಿ ನೆನಪಾಯಿತು. ನಾಲ್ಕು ಎಕರೆಯವನ ಮಗನನ್ನು ಹೊಲದಿಂದ ಶಾಲೆಗೆ ತಂದವರು ಜೋಳದ ಭಿಕ್ಷೆ ಎತ್ತಿದ್ದರು. ಆ ಜೋಳವನ್ನು ಉಂಡವನು ನಾಲ್ಕು ಎಕರೆಯವರ ಹೆಣ್ಣುಮಕ್ಕಳನ್ನು ಶಾಲೆಯಿಂದ ಹೊಲಕ್ಕೆ ತಂದಿದ್ದನು.

ಮನಸ್ಸು ಹೀಗೆ ಕಲಕಿದ್ದ ಕಾಲದಲ್ಲಿ, ಮಠದ ವಾಚನಾಲಯದಲ್ಲಿ ರಾಬರ್ಟ್ ಓವನ್ ಎಂಬ ಗಿರಣಿ ಮಾಲೀಕನ ಚರಿತ್ರೆ ಕೈಗೆ ಸಿಕ್ಕಿತು. ಅವನದೂ ಹತ್ತಿಯ ವ್ಯಾಪಾರವೇ ಎಂಬ ಕುತೂಹಲದಿಂದ ತೆರೆದೆ. ಓವನ್ ಹುಟ್ಟಿದ್ದು 1771ರಲ್ಲಿ, ವೇಲ್ಸ್ ಪ್ರಾಂತದ ನ್ಯೂಟೌನ್ ಎಂಬ ಸಣ್ಣ ಊರಿನಲ್ಲಿ. ಬಾಲ್ಯದಲ್ಲಿಯೇ ಬಟ್ಟೆಯ ಅಂಗಡಿಗಳಲ್ಲಿ ಕೆಲಸಕ್ಕೆ ನಿಂತು, ಮ್ಯಾಂಚೆಸ್ಟರಿನಲ್ಲಿ ನೂಲಿನ ಗಿರಣಿಯ ಮ್ಯಾನೇಜರನಾಗಿ, 1800ರ ಆರಂಭದಲ್ಲಿ ಸ್ಕಾಟ್ಲೆಂಡಿನ ಕ್ಲೈಡ್ ನದಿಯ ದಡದ ನ್ಯೂ ಲಾನಾರ್ಕ್ ಗಿರಣಿಗಳ ಆಡಳಿತ ವಹಿಸಿಕೊಂಡನು. ಅಲ್ಲಿ ಅನಾಥಾಲಯಗಳಿಂದ ತಂದ ಸುಮಾರು ಐನೂರು ಮಕ್ಕಳು ದುಡಿಯುತ್ತಿದ್ದರು. ಅಂದಿನ ಇಂಗ್ಲೆಂಡಿನಲ್ಲಿ ಇದು ವಿಶೇಷವೇನಲ್ಲ. ಆರೇಳು ವರ್ಷದ ಮಕ್ಕಳು ದಿನಕ್ಕೆ ಹದಿಮೂರು ಹದಿನಾಲ್ಕು ಗಂಟೆ ಯಂತ್ರದ ಮುಂದೆ ನಿಲ್ಲುವುದು ಗಿರಣಿಗಳ ವಾಡಿಕೆಯಾಗಿತ್ತು. ಎಳೆಯ ಬೆರಳು ತುಂಡಾದ ನೂಲನ್ನು ಚೆನ್ನಾಗಿ ಕೂಡಿಸುತ್ತದೆ ಎಂದು ಅಲ್ಲಿಯ ಮಾಲೀಕರೂ ಹೇಳುತ್ತಿದ್ದರು. ಈ ಮಾತನ್ನು ಓದಿದಾಗ ನನ್ನ ಮೈ ಜುಮ್ಮೆಂದಿತು.

ಓವನ್ ಅನಾಥ ಮಕ್ಕಳನ್ನು ತರಿಸುವುದನ್ನು ನಿಲ್ಲಿಸಿದನು. ಹತ್ತು ವರ್ಷ ತುಂಬದವರನ್ನು ಗಿರಣಿಗೆ ಸೇರಿಸಲಿಲ್ಲ. ಕೆಲಸದ ವೇಳೆಯನ್ನು ಇಳಿಸುತ್ತ ಬಂದು ಸುಮಾರು ಹತ್ತೂವರೆ ಗಂಟೆಗೆ ತಂದನು. 1816ರ ಮೊದಲ ದಿನ ಶಾಲಾಗೃಹವನ್ನು ತೆರೆದನು. ಅಲ್ಲಿ ನಡೆಯಲು ಕಲಿತ ಮಗುವಿನಿಂದ ಮೊದಲ್ಗೊಂಡು ಎಲ್ಲರಿಗೂ ಸ್ಥಳವಿತ್ತು. ಒಮ್ಮೆ ಅಮೆರಿಕದ ಅರಳೆ ಬರುವುದು ನಿಂತು ಗಿರಣಿ ನಾಲ್ಕು ತಿಂಗಳು ಮುಚ್ಚಿತು. ಯಂತ್ರಗಳನ್ನು ಒರೆಸಿ ಇಡುವ ಕೆಲಸವೊಂದನ್ನೇ ಕೊಟ್ಟು ಅಷ್ಟೂ ಕಾಲ ಎಲ್ಲರಿಗೂ ಪೂರ್ತಿ ಕೂಲಿ ಕೊಟ್ಟನು. ಏಳು ಸಾವಿರ ಪೌಂಡುಗಳಷ್ಟು ಹಣ ಹೋಯಿತು. ಇಷ್ಟಾದರೂ ಅವನ ಗಿರಣಿ ಲಾಭದಲ್ಲಿಯೇ ನಡೆಯಿತು.

ಇಲ್ಲಿಯವರೆಗೆ ಇದು ಒಬ್ಬ ದಯಾಳು ಧಣಿಯ ಕಥೆ. ಅಂಥವರು ನಮ್ಮಲ್ಲಿಯೂ ಬೇಕಾದಷ್ಟು ಜನ ಇದ್ದಾರೆ. ಓವನ್ ಅಷ್ಟಕ್ಕೇ ತೃಪ್ತನಾಗಲಿಲ್ಲ ಎಂಬುದೇ ಇದರ ವಿಶೇಷ. ತಾನೊಬ್ಬ ನೆಟ್ಟಗಿದ್ದರೆ ಉಳಿದ ಗಿರಣಿಗಳ ಮಕ್ಕಳಿಗೆ ಏನಾಯಿತು? ಎಲ್ಲರನ್ನೂ ಕಟ್ಟುವ ನಿಯಮ ಬರಬೇಕು, ಆ ನಿಯಮವನ್ನು ಕೇಳಬೇಕಾದವರು ಮಾಲೀಕರೇ ಎಂದು ಅವನು ಭಾವಿಸಿದನು. 1815ರಲ್ಲಿ ಗ್ಲಾಸ್ಗೋ ನಗರದಲ್ಲಿ ಗಿರಣಿ ಮಾಲೀಕರ ಸಭೆ ಕರೆದು ಎರಡು ವಿಷಯಗಳನ್ನು ಮುಂದಿಟ್ಟನು. ಮೊದಲನೆಯದು, ಆಮದಾಗುವ ಅರಳೆಯ ಮೇಲಿನ ಸುಂಕವನ್ನು ತೆಗೆದುಹಾಕಲು ಸರಕಾರವನ್ನು ಕೇಳಬೇಕೆಂಬುದು. ಎರಡನೆಯದು, ಗಿರಣಿಗಳಲ್ಲಿ ಮಕ್ಕಳ ದುಡಿಮೆಗೆ ಮಿತಿ ಹಾಕುವ ಕಾಯಿದೆಯನ್ನು ಕೇಳಬೇಕೆಂಬುದು. ಮೊದಲನೆಯದಕ್ಕೆ ಸಭೆ ಸಂತೋಷದಿಂದ ಸರ್ವಾನುಮತ ನೀಡಿತು. ಎರಡನೆಯದನ್ನು ಅನುಮೋದಿಸಲು ಇಡೀ ಸಭೆಯಲ್ಲಿ ಒಬ್ಬನೂ ಏಳಲಿಲ್ಲ.

ಈ ಪುಟವನ್ನು ಓದಿ ಪುಸ್ತಕ ಮುಚ್ಚಿಟ್ಟೆ. ಗ್ಲಾಸ್ಗೋ ಎಲ್ಲಿ, ರಾಣೆಬೆನ್ನೂರು ಎಲ್ಲಿ? ನಡುವೆ ಇನ್ನೂರು ವರ್ಷಗಳ ಅಂತರ. ಸಭೆ ಮಾತ್ರ ಅದೇ. ಏಳದೆ ಕುಳಿತವರಲ್ಲಿ ನಾನೂ ಒಬ್ಬ.

ಓವನ್ ಒಬ್ಬನೇ ಮುಂದುವರಿದನು. ತನ್ನ ಸಲಹೆಗಳನ್ನು ಅಚ್ಚು ಹಾಕಿಸಿ ಪಾರ್ಲಿಮೆಂಟಿನ ಸದಸ್ಯರಿಗೆ ಕಳಿಸಿದನು. ಹತ್ತು ವರ್ಷದೊಳಗಿನವರು ಗಿರಣಿಗೆ ಬರಕೂಡದು, ಹದಿನೆಂಟರೊಳಗಿನವರಿಗೆ ದಿನಕ್ಕೆ ಹತ್ತೂವರೆ ಗಂಟೆಗಿಂತ ಹೆಚ್ಚು ಕೆಲಸ ಕೂಡದು, ರಾತ್ರಿಯ ಕೆಲಸ ಕೂಡದು, ಇದನ್ನು ನೋಡಿಕೊಳ್ಳಲು ತನಿಖಾಧಿಕಾರಿಗಳಿರಬೇಕು ಎಂಬುದು ಅವನ ಕೋರಿಕೆ. ಮಸೂದೆಯನ್ನು ಮಂಡಿಸಲು ಒಪ್ಪಿದವರು ಸರ್ ರಾಬರ್ಟ್ ಪೀಲ್, ಮುಂದೆ ಪ್ರಧಾನಮಂತ್ರಿಯಾದ ಪೀಲರ ತಂದೆ. ಅವರೂ ಸ್ವತಃ ಗಿರಣಿ ಮಾಲೀಕರು. ತಮ್ಮ ಗಿರಣಿಗಳಲ್ಲಿಯ ಮಕ್ಕಳ ದುಸ್ಥಿತಿಯನ್ನು ಕಂಡ ಮೇಲೆ 1802ರಲ್ಲಿಯೇ ಒಂದು ಕಾಯಿದೆ ತಂದಿದ್ದರು. 1816ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಓವನ್ ಸಾಕ್ಷಿ ನುಡಿದನು. ವೇಳೆ ಇಳಿಸಿದರೆ ಲಾಭ ಹೋಗುವುದಿಲ್ಲವೇ ಎಂಬ ಪ್ರಶ್ನೆಗೆ ಅವನ ಬಳಿ ತತ್ತ್ವೋಪದೇಶವಿರಲಿಲ್ಲ, ನ್ಯೂ ಲಾನಾರ್ಕಿನ ಅನುಭವವಿತ್ತು. ಅವನ ವಿರೋಧಿಗಳು ಅವನ ಊರಿಗೇ ಹೋಗಿ ಅವನ ಮೇಲೆ ದೂರುಗಳನ್ನು ಹುಡುಕಿದರಂತೆ.

ಕೊನೆಗೆ 1819ರಲ್ಲಿ ಕಾಯಿದೆ ಬಂದಿತು. ಆದರೆ ಅವನು ಕೇಳಿದ ಹಾಗೆ ಬರಲಿಲ್ಲ. ಹತ್ತಿಯ ಗಿರಣಿಗಳಿಗೆ ಮಾತ್ರ ಅನ್ವಯ. ವಯಸ್ಸಿನ ಮಿತಿ ಒಂಬತ್ತು, ವೇಳೆ ಹನ್ನೆರಡು ಗಂಟೆ, ತನಿಖಾಧಿಕಾರಿಗಳಂತೂ ಇಲ್ಲವೇ ಇಲ್ಲ. ಕಾಯಿದೆ ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿಯಿತು. ಓವನ್ ನಿರಾಶನಾದನು. ಅವನು ಎಲ್ಲ ವಿಷಯಗಳಲ್ಲಿಯೂ ಅನುಕರಣೀಯನೆಂದು ನಾನು ಹೇಳುವುದಿಲ್ಲ. ಅವನ ಗಿರಣಿಯಲ್ಲಿಯೂ ಹತ್ತು ವರ್ಷದ ಮಕ್ಕಳಿದ್ದರು. ಮುಂದೆ 1825ರಲ್ಲಿ ಅಮೆರಿಕದಲ್ಲಿ ಅವನು ಆರಂಭಿಸಿದ ಆದರ್ಶ ಗ್ರಾಮವು ಕೆಲವೇ ವರ್ಷಗಳಲ್ಲಿ ಮುರಿದುಬಿದ್ದಿತು. ಆದರೆ ಅವನು ಆಡಿದ ಮಾತು ಸಾಯಲಿಲ್ಲ. 1833ರ ಕಾಯಿದೆಯಲ್ಲಿ ತನಿಖಾಧಿಕಾರಿಗಳು ಬಂದರು. 1847ರಲ್ಲಿ ಹೆಂಗಸರಿಗೂ ಹದಿನೆಂಟರೊಳಗಿನ ತರುಣರಿಗೂ ಹತ್ತು ಗಂಟೆಯ ಮಿತಿ ಬಂದಿತು. ಆ ಕೊನೆಯ ಕಾಯಿದೆಯನ್ನು ಪಾರ್ಲಿಮೆಂಟಿನಲ್ಲಿ ದಾಟಿಸಿದ ಜಾನ್ ಫೀಲ್ಡನ್ ಕೂಡ ದೊಡ್ಡ ಹತ್ತಿ ಗಿರಣಿಯ ಒಡೆಯನೇ. ಹುಡುಗನಾಗಿದ್ದಾಗ ತಂದೆಯ ಗಿರಣಿಯಲ್ಲಿ ತಾನೇ ನಿಂತು ದುಡಿದ ಆಯಾಸವನ್ನು ಅವನು ಮರೆತಿರಲಿಲ್ಲ. ಗಿರಣಿಯ ಲಾಭವೆಲ್ಲ ದಿನದ ಕೊನೆಯ ಗಂಟೆಯಲ್ಲಿಯೇ ಹುಟ್ಟುತ್ತದೆ, ಅದನ್ನು ಕಡಿದರೆ ಉದ್ಯಮವೇ ಸಾಯುತ್ತದೆ ಎಂದು ನಾಸೋ ಸೀನಿಯರ್ ಎಂಬ ಅರ್ಥಶಾಸ್ತ್ರಜ್ಞನು 1837ರಲ್ಲಿ ವಾದಿಸಿದ್ದನು. ಗಂಟೆ ಕಡಿಯಿತು, ಉದ್ಯಮ ಸಾಯಲಿಲ್ಲ.

ಹೀಗೆ ಮಾತನಾಡಿದವರು ಪರದೇಶದಲ್ಲಿ ಮಾತ್ರ ಇದ್ದರೆಂದು ತಿಳಿಯಬಾರದು. ಜಮಶೇಡಪುರದ ಟಾಟಾ ಉಕ್ಕಿನ ಕಾರ್ಖಾನೆಯಲ್ಲಿ 1912ರಲ್ಲಿಯೇ ಎಂಟು ಗಂಟೆಯ ದಿನ ಜಾರಿಗೆ ಬಂದಿತು. ದೇಶದ ಕಾಯಿದೆ ವಾರಕ್ಕೆ 48 ಗಂಟೆಗಳ ಮಿತಿಗೆ ಬಂದದ್ದು ಮೂರು ದಶಕಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. 1944ರಲ್ಲಿ ಜೆ. ಆರ್. ಡಿ. ಟಾಟಾ, ಘನಶ್ಯಾಮದಾಸ ಬಿರ್ಲಾ, ಪುರುಷೋತ್ತಮದಾಸ ಠಾಕೂರದಾಸ, ಕಸ್ತೂರಭಾಯಿ ಲಾಲಭಾಯಿ, ಲಾಲಾ ಶ್ರೀರಾಮ್ ಮೊದಲಾದ ಎಂಟು ಮಂದಿ 'ಬಾಂಬೆ ಯೋಜನೆ' ಎಂದು ಪ್ರಸಿದ್ಧವಾದ ಗ್ರಂಥವನ್ನು ಪ್ರಕಟಿಸಿದರು. ಹದಿನೈದು ವರ್ಷಗಳಲ್ಲಿ 10,000 ಕೋಟಿ ರೂಪಾಯಿ ವೆಚ್ಚ ಮಾಡಿ ದೇಶದ ತಲಾ ಆದಾಯವನ್ನು ಇಮ್ಮಡಿಸುವುದು ಅದರ ಗುರಿ. ತಮ್ಮ ಗಿರಣಿಗಳಿಗೆ ಏನು ಬೇಕು ಎಂಬಲ್ಲಿಂದ ಅವರು ತೊಡಗಲಿಲ್ಲ. ಒಬ್ಬ ಮನುಷ್ಯನಿಗೆ ದಿನಕ್ಕೆ 2,800 ಕ್ಯಾಲರಿ ಅನ್ನ, ವರ್ಷಕ್ಕೆ 30 ಗಜ ಬಟ್ಟೆ, ವಾಸಕ್ಕೆ 100 ಚದರ ಅಡಿ ನೆಲ ಬೇಕು ಎಂಬಲ್ಲಿಂದ ಲೆಕ್ಕ ಹಾಕಿದರು. ಶಿಕ್ಷಣಕ್ಕೆ 490 ಕೋಟಿ, ಆರೋಗ್ಯಕ್ಕೆ 450 ಕೋಟಿ, ವಸತಿಗೆ 2,200 ಕೋಟಿ ಎಂದು ಬರೆದಿಟ್ಟರು. ಉದ್ಯಮಗಳ ಮೇಲೆ ಸರಕಾರದ ಹತೋಟಿ ಬೇಕಾದೀತೆಂಬುದನ್ನೂ ಒಪ್ಪಿದರು. ಆ ಯೋಜನೆಯ ಗುಣದೋಷಗಳನ್ನು ಪಂಡಿತರು ಚರ್ಚಿಸಲಿ. ವ್ಯಾಪಾರಿಗಳು ಅಂಕಿಗಳೊಡನೆ ನಾಡಿನ ಹೊಟ್ಟೆಬಟ್ಟೆಯ ಮಾತನಾಡಿದರೆಂಬುದು ನನಗೆ ಮುಖ್ಯ.

ಈ ಎಲ್ಲವನ್ನೂ ಮನನ ಮಾಡಿದಾಗ ನನಗೆ ಹೊಳೆದ ವಿಚಾರಗಳು ಮೂರು. ಮೊದಲನೆಯದು, ಒಂದು ಉದ್ಯಮದ ಕೀಲು ಎಲ್ಲಿದೆಯೆಂಬುದು ಅದರೊಳಗಿನವನಿಗೇ ಗೊತ್ತು. ಸರಕಾರವು ಕಾಯಿದೆ ಮಾಡಬಲ್ಲದು, ಆದರೆ ಕೀಲು ತಿಳಿಯದೆ ಮಾಡಿದ ಕಾಯಿದೆ ಬಡವನಾದ ರೈತನ ಮೇಲೆ ಬೀಳುವುದು, ದರ ನಿಗದಿ ಮಾಡುವವನನ್ನು ಮುಟ್ಟುವುದಿಲ್ಲ. ಎರಡನೆಯದು, ಎಲ್ಲರಿಗೂ ಸಮನಾಗಿ ಅನ್ವಯಿಸುವ ಒಳ್ಳೆಯ ನಿಯಮವು ಪ್ರಾಮಾಣಿಕನಿಗೆ ಶತ್ರುವಲ್ಲ, ಮಿತ್ರ. ನಾನೊಬ್ಬನೇ ದೊಡ್ಡವರ ಕೂಲಿ ಕೊಡಿಸಿದರೆ ನನ್ನ ಬೀಜ ತುಟ್ಟಿಯಾಗಿ ನಾನು ಪೇಟೆಯಿಂದ ಹೊರಬೀಳುವೆ. ಎಲ್ಲರೂ ಕೊಡಬೇಕಾದರೆ ಯಾರೂ ಹೊರಬೀಳುವುದಿಲ್ಲ. ಮೂರನೆಯದು, ಆಡುವ ಮಾತು ಆಡುವವನಿಗೆ ಏನನ್ನಾದರೂ ಖರ್ಚು ತರುವುದೇ ಎಂದು ನೋಡಬೇಕು. ಲಾಭದ ಬೇಡಿಕೆಯೊಂದನ್ನೇ ನಾಡಿನ ಹಿತವೆಂದು ಹೊದಿಸಿ ತಂದರೆ ಜನ ಅದನ್ನು ಬೇಗ ಗುರುತಿಸುತ್ತಾರೆ. ಓವನ್ ಎರಡು ಗೊತ್ತುವಳಿಗಳನ್ನು ಜೊತೆಯಾಗಿ ತಂದದ್ದು ಇದಕ್ಕೇ ಇರಬೇಕು. ಸುಂಕ ಇಳಿಸಿರೆಂದು ಕೇಳುವ ಬಾಯಿ ಮಕ್ಕಳನ್ನು ಬಿಡುತ್ತೇವೆಂದೂ ಹೇಳಬೇಕು. ಆಗ ಮಾತ್ರ ಅದರ ಮೊದಲ ಮಾತಿಗೂ ತೂಕ ಬರುವುದು.

ತಡವಾಗಿಯಾದರೂ ನಾನು ಮಾಡಿದ್ದಿಷ್ಟು. ಮರುವರ್ಷ ಒಂದು ಎಕರೆ ಬೀಜದ ಹತ್ತಿಗೆ ಎಷ್ಟು ಆಳು, ಎಷ್ಟು ದಿನ, ದೊಡ್ಡವರ ಕೂಲಿ ಕೊಟ್ಟರೆ ಎಷ್ಟು ಖರ್ಚು, ಈಗಿನ ದರದಲ್ಲಿ ರೈತನಿಗೆ ಎಷ್ಟು ಕೊರತೆ ಎಂಬುದನ್ನು ನನ್ನ ಪುಸ್ತಕದಿಂದ ತೆಗೆದು ಎರಡು ಪುಟಗಳಲ್ಲಿ ಬರೆದೆ. ಒಂದು ಪ್ರತಿಯನ್ನು ಹಿಂದೆ ಪ್ರಶ್ನೆ ಕೇಳಿದ್ದ ಅಧಿಕಾರಿಗಳಿಗೂ ಇನ್ನೊಂದನ್ನು ನಾನು ಬೀಜ ಕೊಡುತ್ತಿದ್ದ ಕಂಪನಿಗೂ ಕಳಿಸಿದೆ. ನನ್ನ ಹೊಲಗಳಲ್ಲಿ ಮಕ್ಕಳಿದ್ದರೆಂಬುದನ್ನೂ ಮೊದಲ ಸಾಲಿನಲ್ಲಿಯೇ ಒಪ್ಪಿಕೊಂಡೆ. ಅಧಿಕಾರಿಗಳು ಕರೆಸಿ ಎರಡು ತಾಸು ವಿಚಾರಿಸಿಕೊಂಡರು. ಕಂಪನಿಯಿಂದ ಉತ್ತರ ಬರಲಿಲ್ಲ. ಆ ಹಂಗಾಮಿನಲ್ಲಿ ನನಗೆ ಬರಬೇಕಾಗಿದ್ದ ಎಕರೆಗಳು ಅರ್ಧಕ್ಕೆ ಇಳಿದವು. ನೆರೆಯ ಕೆಲವರು ನನ್ನೊಡನೆ ಮಾತು ಬಿಟ್ಟರು. ಉಳಿದ ಅರ್ಧದಲ್ಲಿ ನನ್ನ ಕಮಿಷನ್ನಿನಿಂದ ಒಂದು ಪಾಲು ತೆಗೆದು ರೈತರಿಗೆ ಕೂಲಿಯ ವ್ಯತ್ಯಾಸವನ್ನು ತುಂಬಿಕೊಟ್ಟೆ. ದೊಡ್ಡ ಹೆಂಗಸರು ಬಂದರು. ಅವರ ಬೆರಳಿಗೂ ಮೊಗ್ಗು ನೋಯಲಿಲ್ಲ. ಎಳೆಯ ಬೆರಳೇ ಬೇಕೆಂದು ಇಷ್ಟು ವರ್ಷ ಹೇಳಿದ್ದು ಸುಳ್ಳೆಂದು ನನ್ನ ಕಣ್ಣೆದುರಿಗೇ ಸಿದ್ಧವಾಯಿತು. ಮೂರು ಹಂಗಾಮು ಹೀಗೆ ನಡೆಸಿ, ನಾಲ್ಕನೆಯದಕ್ಕೆ ಆ ವ್ಯಾಪಾರವನ್ನೇ ಬಿಟ್ಟೆ. ನನ್ನ ಎರಡು ಪುಟಗಳಿಂದ ಲೋಕ ಬದಲಾಯಿತೆಂಬ ಭ್ರಾಂತಿ ನನಗಿಲ್ಲ.

ಕಾಯಿದೆಗಳು ತಮ್ಮ ದಾರಿಯಲ್ಲಿ ಬಂದವು. 1986ರ ಬಾಲಕಾರ್ಮಿಕ ಕಾಯಿದೆ ಕೆಲವು ಅಪಾಯಕರ ಉದ್ಯೋಗಗಳಲ್ಲಿ ಮಾತ್ರ ಮಕ್ಕಳ ದುಡಿಮೆಯನ್ನು ನಿಷೇಧಿಸಿತ್ತು. 2010ರ ಏಪ್ರಿಲ್ ಒಂದರಿಂದ ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ಶಿಕ್ಷಣ ಹಕ್ಕಾಯಿತು. 2016ರ ತಿದ್ದುಪಡಿಯಿಂದ, ಹದಿನಾಲ್ಕು ತುಂಬದವರನ್ನು ಯಾವ ಉದ್ಯೋಗದಲ್ಲಿಯೂ ದುಡಿಸಿಕೊಳ್ಳುವುದು ನಿಷಿದ್ಧವಾಯಿತು. ಆದರೆ ಶಾಲೆಯ ಹೊತ್ತಿನಾಚೆ ಸ್ವಂತ ಕುಟುಂಬದ ಕೆಲಸಕ್ಕೆ ನೆರವಾಗುವುದಕ್ಕೆ ವಿನಾಯಿತಿ ಉಳಿಯಿತು. ಆ ವಿನಾಯಿತಿಯ ಸಂದಿಯಲ್ಲಿ ಯಾವ ಯಾವ ಹೊಲಗಳು ಸೇರಿಕೊಳ್ಳುತ್ತವೆ ಎಂಬುದನ್ನು ಬಲ್ಲವರು ಇಂದಿಗೂ ಬೀಜದ ವ್ಯಾಪಾರಸ್ಥರೇ. ಅವರು ಹೇಳಬೇಕು. ಯಾರಾದರೂ ಕೇಳುವವರೆಗೆ ಕಾಯದೆ ಹೇಳಬೇಕು.

ನಮ್ಮ ಧರ್ಮದಲ್ಲಿ ಕಾಯಕ ಮತ್ತು ದಾಸೋಹ ಎರಡೂ ಕೂಡಿಯೇ ಇವೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆ ಹೆಚ್ಚಳವನ್ನು ತಂದ ಸ್ಥಳದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ ಕಥೆ ನಮಗೆಲ್ಲ ತಿಳಿದಿದೆ. ಆ ಕಥೆಯನ್ನು ನಾವು ಪ್ರವಚನದಲ್ಲಿ ಕೇಳಿ ತಲೆದೂಗುತ್ತೇವೆ, ಅಂಗಡಿಯಲ್ಲಿ ಕುಳಿತಾಗ ಮರೆಯುತ್ತೇವೆ. ಗಳಿಸಿದ ಹಣದಲ್ಲಿ ಒಂದು ಪಾಲನ್ನು ಮಠಕ್ಕೆ, ಶಾಲೆಗೆ, ಅನ್ನಕ್ಕೆ ಕೊಡುವುದನ್ನು ನಾವು ದಾಸೋಹವೆಂದು ತಿಳಿದಿದ್ದೇವೆ. ಅದು ಸರಿಯೇ. ನಾನೂ ಕೊಡುತ್ತಿದ್ದೆ. ಮಕ್ಕಳ ಬೆರಳಿನಿಂದ ಬಂದ ಹಣದಲ್ಲಿ ಮಕ್ಕಳ ಅನ್ನಕ್ಕೆ ಕೊಡುತ್ತಿದ್ದೆ. ಕೊಟ್ಟ ಕೈಗೆ ಸಮಾಧಾನವೂ ಆಗುತ್ತಿತ್ತು. ಆದರೆ ನನ್ನ ಕಾಯಕದ ಬಗೆಗೆ ನಾನು ಬಲ್ಲ ಸತ್ಯವನ್ನು ಬಚ್ಚಿಟ್ಟುಕೊಂಡಿದ್ದೆ. ಅರಿವೂ ಕೂಡ ಒಂದು ಸಂಪಾದನೆಯೇ. ಅದನ್ನು ಸಮಾಜಕ್ಕೆ ಸಲ್ಲಿಸದೆ ಪೆಟ್ಟಿಗೆಯಲ್ಲಿಟ್ಟು ಹಣವನ್ನು ಮಾತ್ರ ಸಲ್ಲಿಸುವುದು ಅರ್ಧ ದಾಸೋಹ.

ವ್ಯಾಪಾರ ಉದ್ದಿಮೆಗಳಲ್ಲಿರುವ ಬಂಧುಗಳೇ, ಮುಂದಿನ ಸಲ ಮನವಿ ಪತ್ರ ಬರೆಯುವಾಗ ಎರಡು ಹಾಳೆ ತೆಗೆದುಕೊಳ್ಳಿರಿ. ಮೊದಲನೆಯದರಲ್ಲಿ ನಿಮಗೆ ಬೇಕಾದುದನ್ನು ಸಂಕೋಚವಿಲ್ಲದೆ ಬರೆಯಿರಿ. ಎರಡನೆಯದರಲ್ಲಿ ನಿಮ್ಮ ಉದ್ಯಮದಿಂದ ಯಾರಿಗೆ ನೋವಾಗುತ್ತಿದೆ, ಅದರ ಕೀಲು ಎಲ್ಲಿದೆ, ಯಾವ ನಿಯಮ ಬಂದರೆ ಅದು ಸರಿಹೋದೀತು ಎಂಬುದನ್ನು ನಿಮ್ಮ ಲೆಕ್ಕದ ಪುಸ್ತಕವನ್ನು ನೋಡಿ ಬರೆಯಿರಿ. ಎರಡನೆಯ ಹಾಳೆಯನ್ನು ಸಭೆಯಲ್ಲಿ ಯಾರಾದರೂ ಓದಿದರೆ, ಅನುಮೋದಿಸಲು ಎದ್ದು ನಿಲ್ಲಿರಿ. ಒಬ್ಬರು ಎದ್ದರೆ ಇನ್ನೊಬ್ಬರಿಗೆ ಏಳುವ ಧೈರ್ಯ ಬರುವುದು.

ಆ ಮಾಸ್ತರರು ಈಗ ನಿವೃತ್ತರಾಗಿದ್ದಾರೆ. ಜಾತ್ರೆಯಲ್ಲಿ ಭೆಟ್ಟಿಯಾದಾಗ ಶರಣಾರ್ಥಿ ಹೇಳುತ್ತಾರೆ. ಹಾಜರಿ ಪುಸ್ತಕದ ಮಾತನ್ನು ಅವರೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಆ ಪುಟದಲ್ಲಿಯ ಹೆಸರುಗಳಲ್ಲಿ ಎಷ್ಟು ಮಂದಿ ಮತ್ತೆ ಶಾಲೆಗೆ ತಿರುಗಿದರೆಂದು ಕೇಳಲು ನನಗೆ ಇಂದಿಗೂ ಧೈರ್ಯ ಬಂದಿಲ್ಲ.